ಕುದುರೆಯನ್ನು ಕಟ್ಟಿಹಾಕಿದರೆ ಸಾಲದು, ಮೇವಿನ ಚಿಂತೆಯೂ ಬೇಕು

ರಜೆ ಬಂತೆಂದರೆ ಬೇಲಾಪುರ, ನೆರೂಲ್, ಡೊಂಬಿವಲಿ, ಕಲ್ಯಾಣ್ ಪರಿಸರದ ನಮ್ಮ ಸಂಘ-ಸಂಸ್ಥೆಗಳ ಪ್ರವಾಸದ ಪಟ್ಟಿಯಲ್ಲಿ ಮಾಥೇರಾನ್ ಹೆಸರು ಇದ್ದೇ ಇರುತ್ತದೆ. ದಸ್ತೂರಿ ನಾಕಾದವರೆಗೆ ವಾಹನ; ಅಲ್ಲಿಂದ ಮುಂದೆ ನಡಿಗೆ, ಪುಟ್ಟ ರೈಲು, ಇತ್ತೀಚಿನ ಇ-ರಿಕ್ಷಾ, ಇಲ್ಲವೇ ಕುದುರೆ. ಮಕ್ಕಳ ಆಯ್ಕೆ ಯಾವುದೆಂದು ಹೇಳಬೇಕಾಗಿಲ್ಲ. ಮದುವೆಯ ಋತುವಿನಲ್ಲಿ ವರನ ಮೆರವಣಿಗೆಗೆ ಬರುವ ಅಲಂಕೃತ ಕುದುರೆಯೂ ನಮಗೆ ಹೊಸತಲ್ಲ. ಒಂದೆರಡು ಕುದುರೆಗಳನ್ನೇ ನಂಬಿ ಸಂಸಾರ ಸಾಗಿಸುವ ಈ ಜನರ ಪಾಡು ರೋಗ ಹರಡಿದ ದಿನಗಳಲ್ಲಿ ಏನಾಗುತ್ತದೆ ಎಂಬುದನ್ನು ನಾವು ಯೋಚಿಸಿದ್ದು ಕಡಿಮೆ.

ಕುದುರೆಗಳಿಗೆ ತಗಲುವ ರೋಗಗಳಲ್ಲಿ ಅತ್ಯಂತ ಭಯಂಕರವಾದದ್ದು ಗ್ಲಾಂಡರ್ಸ್. ಜ್ವರ, ಮೂಗಿನಿಂದ ಸುರಿಯುವ ದಪ್ಪನೆಯ ಸಿಂಬಳ, ಚರ್ಮದ ಮೇಲೆ ಗಂಟು, ಹುಣ್ಣು ಇದರ ಲಕ್ಷಣಗಳು. ಒಂದೇ ತೊಟ್ಟಿಯಲ್ಲಿ ನೀರು ಕುಡಿದ ಮಾತ್ರಕ್ಕೆ ಇನ್ನೊಂದು ಕುದುರೆಗೆ ಅಂಟಬಹುದು. ಮನುಷ್ಯರಿಗೆ ತಗಲುವುದು ಅಪರೂಪವಾದರೂ, ತಗಲಿದರೆ ಪ್ರಾಣಾಪಾಯ ತಪ್ಪಿದ್ದಲ್ಲ. ಇದಕ್ಕೆ ಲಸಿಕೆ ಇಲ್ಲ. ರೋಗ ಖಚಿತವಾದ ಕುದುರೆಗೆ ದಯಾಮರಣವೊಂದೇ ನಿಯಮ. ವರ್ಷಗಳ ಕಾಲ ಮರೆಯಾಗಿದ್ದ ಈ ರೋಗ 2006ರಲ್ಲಿ ದೇಶದಲ್ಲಿ ಮತ್ತೆ ತಲೆಯೆತ್ತಿದ್ದು ನಮ್ಮ ಮಹಾರಾಷ್ಟ್ರದಲ್ಲಿಯೇ, ಪುಣೆ ಮತ್ತು ಪಂಚಗಣಿ ಭಾಗದಲ್ಲಿ. 2008ರಲ್ಲಿ ವೈಷ್ಣೋದೇವಿ ಯಾತ್ರೆಯ ಕಟ್ರಾದಲ್ಲಿ ಕಾಣಿಸಿಕೊಂಡ ಕುದುರೆ ಜ್ವರವೂ ಹಲವು ರಾಜ್ಯಗಳಿಗೆ ಹಬ್ಬಿತ್ತು.

ಆದ್ದರಿಂದ ನಿರ್ಬಂಧ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಗ್ಲಾಂಡರ್ಸ್‌ಗಾಗಿ ಬ್ರಿಟಿಷರು 1899ರಲ್ಲಿಯೇ ಪ್ರತ್ಯೇಕ ಕಾಯಿದೆ ತಂದಿದ್ದರು. ಅದನ್ನು ರದ್ದುಪಡಿಸಿ ಬಂದ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯಿದೆಯಂತೆ, ರೋಗದ ಸಂಶಯ ಬಂದೊಡನೆ ತಿಳಿಸುವುದು ಮಾಲೀಕನ ಹೊಣೆ. ಸುತ್ತಲಿನ ಪ್ರದೇಶವನ್ನು ಸೋಂಕು ವಲಯವೆಂದು ಸಾರಿ, ಕುದುರೆ, ಕತ್ತೆ, ಹೇಸರಗತ್ತೆಗಳ ಓಡಾಟವನ್ನು ನಿಲ್ಲಿಸಲಾಗುತ್ತದೆ. ಮೊದಲು 5 ಕಿಲೋಮೀಟರ್ ಇದ್ದ ಈ ವಲಯವನ್ನು ಕೇಂದ್ರ ಸರಕಾರ 2025ರ ಪರಿಷ್ಕೃತ ಕ್ರಿಯಾಯೋಜನೆಯಲ್ಲಿ 2 ಕಿಲೋಮೀಟರಿಗೆ ಇಳಿಸಿದೆ. 25 ಕಿಲೋಮೀಟರ್‌ವರೆಗಿದ್ದ ಕಣ್ಗಾವಲು ವಲಯ ಈಗ 10 ಕಿಲೋಮೀಟರ್. ಇದು ಸ್ವಾಗತಾರ್ಹ ಹೆಜ್ಜೆ.

ಆದರೆ ವಲಯದೊಳಗೆ ಸಿಕ್ಕಿಬಿದ್ದ ಆರೋಗ್ಯವಂತ ಕುದುರೆಯ ಗತಿಯೇನು? ಕೊಲ್ಲಲ್ಪಟ್ಟ ಕುದುರೆಗೆ 25,000 ರೂ., ಕತ್ತೆ ಮತ್ತು ಹೇಸರಗತ್ತೆಗೆ 16,000 ರೂ. ಪರಿಹಾರವೆಂದು ಯೋಜನೆಯಲ್ಲಿ ಗೊತ್ತುಪಡಿಸಲಾಗಿತ್ತು. ಆ ಹಣದಲ್ಲಿ ಅಂಥದೇ ದುಡಿಯುವ ಕುದುರೆ ಮತ್ತೆ ಕೊಳ್ಳಲು ಸಾಧ್ಯವೇ ಎಂಬುದು ಒಂದು ಪ್ರಶ್ನೆ. ಬದುಕಿದ್ದೂ ಲಾಯದಲ್ಲಿ ನಿಂತಿರುವ ಕುದುರೆಯ ಮೇವಿಗೆ ಯಾರು ದಿಕ್ಕು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಟ್ಯಾಕ್ಸಿ ನಿಂತರೆ ಪೆಟ್ರೋಲ್ ಉಳಿಯುತ್ತದೆ, ಕುದುರೆ ನಿಂತರೆ ಹುಲ್ಲು, ಹುರುಳಿಯ ಖರ್ಚು ನಿಲ್ಲುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಪ್ರವಾಸಿಗರಿಲ್ಲದೆ ಮಾಥೇರಾನ್‌ನ ಕುದುರೆಯವರು ದಾನಿಗಳ ಮೇವಿಗೆ ಕೈಯೊಡ್ಡಬೇಕಾಗಿ ಬಂದುದನ್ನು ಮರೆಯಲಾದೀತೇ? ಅಂದು ಕುದುರೆಗಳಿಗೆ ಯಾವ ರೋಗವೂ ಇರಲಿಲ್ಲ.

ಇಲ್ಲಿಯೇ ಅಪಾಯ ಅಡಗಿದೆ. ತಿಳಿಸಿದರೆ ತನ್ನ ಮನೆ ಮಾತ್ರವಲ್ಲ, ನೆರೆಯವರ ಅನ್ನವೂ ಹೋಗುತ್ತದೆ ಎಂದಾದರೆ ಬಡ ಮಾಲೀಕ ರೋಗವನ್ನು ಮುಚ್ಚಿಡುತ್ತಾನೆ, ಇಲ್ಲವೇ ರಾತ್ರೋರಾತ್ರಿ ಕುದುರೆಯನ್ನು ಬೇರೆಡೆಗೆ ಸಾಗಿಸುತ್ತಾನೆ. ಮುಂಬಯಿಗೆ ಈ ಪಾಠ ಹಳೆಯದು. 1896ರ ಪ್ಲೇಗಿನಲ್ಲಿ ಮನೆಶೋಧ, ಬಲವಂತದ ಸ್ಥಳಾಂತರಕ್ಕೆ ಹೆದರಿದ ಜನರು ರೋಗಿಗಳನ್ನು ಬಚ್ಚಿಟ್ಟರು, ಸಾವಿರಾರು ಮಂದಿ ನಗರ ಬಿಟ್ಟು ಓಡಿದರು. ಭಯ ಹುಟ್ಟಿಸಿದ ಕಾನೂನು ರೋಗವನ್ನು ತಡೆಯಲಿಲ್ಲ, ಅಡಗಿಸಿತು.

ಬೇರೆ ದೇಶಗಳ ಅನುಭವವೂ ಗಮನಾರ್ಹ. 2007ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯದಲ್ಲಿ ಕುದುರೆ ಜ್ವರ ಕಾಣಿಸಿಕೊಂಡಾಗ ದೇಶದಾದ್ಯಂತ ಕುದುರೆಗಳ ಓಡಾಟವನ್ನೇ ನಿಲ್ಲಿಸಲಾಯಿತು. ಜತೆಗೆ ಆದಾಯ ಕಳೆದುಕೊಂಡವರಿಗೆ ಸರಕಾರ ನೆರವನ್ನೂ ಘೋಷಿಸಿತು. ಡಿಸೆಂಬರ್ ಹೊತ್ತಿಗೆ ರೋಗ ಹತೋಟಿಗೆ ಬಂತು. ಬಳಿಕ ನಿವೃತ್ತ ನ್ಯಾಯಮೂರ್ತಿ ಇಯಾನ್ ಕ್ಯಾಲಿನನ್ ನಡೆಸಿದ ತನಿಖೆ ಸರಕಾರದ ಕ್ವಾರಂಟೈನ್ ವ್ಯವಸ್ಥೆಯ ಲೋಪಗಳನ್ನೇ ಎತ್ತಿ ತೋರಿಸಿತು. ನಿಯಮ ಪಾಲಿಸೆಂದು ಪ್ರಜೆಗೆ ಹೇಳುವ ಸರಕಾರ ತನ್ನ ತಪ್ಪನ್ನೂ ಒರೆಗೆ ಹಚ್ಚಬೇಕೆಂಬುದಕ್ಕೆ ಇದು ನಿದರ್ಶನ.

ನಮ್ಮಲ್ಲಿ ಮಾಲೀಕನ ಅಲೆದಾಟವೇ ದೊಡ್ಡ ಕಷ್ಟ. ಪಶುಸಂಗೋಪನಾ ಆಯುಕ್ತಾಲಯ ಪುಣೆಯಲ್ಲಿ, ರೋಗ ಖಾತರಿಪಡಿಸುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿ. ಜಿಲ್ಲಾಧಿಕಾರಿ, ನಗರ ಪರಿಷತ್ತು, ಆರೋಗ್ಯ ಇಲಾಖೆಗಳು ಬೇರೆ ಬೇರೆ. ಠಾಣೆಯ ಮದುವೆಗೆ ಬರುವ ಕುದುರೆ ರಾಯಗಡದ್ದಾದರೆ ಯಾರನ್ನು ಕೇಳಬೇಕು? ಈ ಎರಡೂ ಜಿಲ್ಲೆಗಳಿಗೆ ಸೇರಿದ ವಿಭಾಗೀಯ ಆಯುಕ್ತರ ಕಚೇರಿ ನಮ್ಮ ಬೇಲಾಪುರದ ಕೊಂಕಣ ಭವನದಲ್ಲಿಯೇ ಇದೆ. ನಿರ್ಬಂಧ ಹೊರಡಿಸಿದ ದಿನವೇ ಅಲ್ಲಿ ಹೊಣೆಗಾರ ಅಧಿಕಾರಿಯೊಬ್ಬರನ್ನು ಗೊತ್ತುಪಡಿಸಬೇಕು. ಓಡಾಟ ನಿಂತ ಪ್ರತಿ ಕುದುರೆಗೆ ದಿನದ ಮೇವಿನ ಭತ್ತೆ ಸಲ್ಲಬೇಕು. ಪರಿಹಾರ ಎಷ್ಟು ದಿನದೊಳಗೆ ಕೈಸೇರುತ್ತದೆ ಎಂಬುದು ಆದೇಶದಲ್ಲಿಯೇ ನಮೂದಾಗಬೇಕು.

ನಮ್ಮ ಸಂಘ-ಸಂಸ್ಥೆಗಳಿಗೂ ಕರ್ತವ್ಯವಿದೆ. ಪ್ರವಾಸಕ್ಕೋ ಮೆರವಣಿಗೆಗೋ ಕುದುರೆ ಗೊತ್ತುಮಾಡುವಾಗ ರಕ್ತಪರೀಕ್ಷೆಯ ವರದಿಯನ್ನು ವಿನಯದಿಂದ ಕೇಳೋಣ. ಮೂಗು ಸೋರುವ ಕುದುರೆಯ ಹತ್ತಿರ ಮಕ್ಕಳನ್ನು ಬಿಡದಿರೋಣ. ನಿರ್ಬಂಧದಿಂದಾಗಿ ಕಾರ್ಯಕ್ರಮ ರದ್ದಾದರೆ ಕೊಟ್ಟ ಮುಂಗಡಕ್ಕಾಗಿ ಪೀಡಿಸದೆ, ಮುಂದಿನ ಸಲಕ್ಕೆ ಹೊಂದಿಸಿಕೊಳ್ಳೋಣ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ, ದಿನದ ದುಡಿಮೆ ನಿಂತರೆ ಒಲೆ ಉರಿಯದ ಮನೆಯ ಕಷ್ಟ ಬೇರೆಯವರು ಹೇಳಿ ತಿಳಿಯಬೇಕಾದುದಲ್ಲ.

ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ. ರೋಗವಿಲ್ಲದ ದಿನಗಳಲ್ಲಿಯೇ ಈ ವ್ಯವಸ್ಥೆ ಸಿದ್ಧವಾಗಲಿ. ನಿಜ ಹೇಳಿದ ಮಾಲೀಕನ ಕೈ ಬಿಡುವುದಿಲ್ಲವೆಂಬ ಭರವಸೆ ಸರಕಾರದಿಂದ ಬಂದರೆ, ರೋಗದ ಮೊದಲ ಸುದ್ದಿ ಲಾಯದಿಂದಲೇ ಬಂದೀತು.