ನೆಗೆಯುವವರಿಗೆ ಇಳಿಯುವ ವಿದ್ಯೆ

ಬ್ಯಾಸ್ಕೆಟ್‌ಬಾಲ್ ಆಟವು 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜನ್ಮ ತಾಳಿತು. ಮರುವರ್ಷವೇ ಸ್ಮಿತ್ ಕಾಲೇಜಿನ ಅಧ್ಯಾಪಿಕೆ ಸೆಂಡಾ ಬೆರೆನ್‌ಸನ್ ಅವರು ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಆದರೆ ಹುಡುಗಿಯರು ಅತಿಯಾಗಿ ಬಳಲಬಾರದೆಂದು ಅಂಗಣವನ್ನು ಮೂರು ಭಾಗ ಮಾಡಿ, ಒಬ್ಬೊಬ್ಬಳೂ ತನ್ನ ಭಾಗದ ಗೆರೆಯೊಳಗೇ ಆಡತಕ್ಕದ್ದೆಂದು ವಿಧಿಸಿದರು. ಆ ಗೆರೆಗಳು ಅಳಿಸಿಹೋಗಿವೆ. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮಹಿಳೆಯರ ಬ್ಯಾಸ್ಕೆಟ್‌ಬಾಲಿಗೂ ಸ್ಥಾನ ದೊರೆಯಿತು. ಆದರೂ ಹೆಣ್ಣುಮಕ್ಕಳು ಹೆಚ್ಚು ನೆಗೆಯಬಾರದು, ಮಂಡಿ ಕೆಡುತ್ತದೆ ಎಂಬ ಮಾತು ಇಂದಿಗೂ ನಮ್ಮ ಕಿವಿಗೆ ಬೀಳುತ್ತಿದೆ. ಅದನ್ನು ಒರೆಗೆ ಹಚ್ಚಿ ನೋಡೋಣ.

ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ತೊಡೆಯ ಮೂಳೆಯನ್ನು ಕಾಲಿನ ಮೂಳೆಗೆ ಬಿಗಿಯುವ, ಮಂಡಿಯ ಒಳಗಿನ ಅಸ್ಥಿರಜ್ಜು ಹರಿಯುವುದು ಈ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಲ್ಲಿ ಎರಡು ಪಟ್ಟಿಗೂ ಮಿಗಿಲು. ಅದು ಬಹುಮಟ್ಟಿಗೆ ಹರಿಯುವುದು ಯಾರೋ ಡಿಕ್ಕಿ ಹೊಡೆದಾಗಲ್ಲ. ನೆಗೆದು ಇಳಿಯುವಾಗ, ಓಡುತ್ತಿದ್ದವಳು ತಟ್ಟನೆ ನಿಂತಾಗ ಅಥವಾ ತಿರುಗಿದಾಗ.

ಈಗ ಚಿಕ್ಕದೊಂದು ಲೆಕ್ಕ. 40 ಸೆಂಟಿಮೀಟರ್ ನೆಗೆದವಳು ಸೆಕೆಂಡಿಗೆ 2.8 ಮೀಟರ್ ವೇಗದಿಂದ ನೆಲ ಮುಟ್ಟುತ್ತಾಳೆ. ಕಾಲುಗಳನ್ನು ಕೋಲಿನಂತೆ ಸೆಟೆದುಕೊಂಡು 5 ಸೆಂಟಿಮೀಟರಿನೊಳಗೆ ನಿಂತಳೆಂದರೆ, ನೆಲವು ಅವಳನ್ನು ಸರಾಸರಿ ಅವಳ ತೂಕದ 9 ಪಟ್ಟು ಬಲದಿಂದ ಒತ್ತುತ್ತದೆ. ಸೊಂಟ, ಮಂಡಿ, ಹರಡುಗಳನ್ನು ಬಾಗಿಸಿ 30 ಸೆಂಟಿಮೀಟರ್ ತಗ್ಗಿ ನಿಂತರೆ ಆ ಬಲ 2.3 ಪಟ್ಟಿಗೆ ಇಳಿಯುತ್ತದೆ. ನೆಗೆತ ಅದೇ, ದೇಹ ಅದೇ. ಇಳಿದ ರೀತಿ ಮಾತ್ರ ಬೇರೆ.

ಪ್ಲೈಯೊಮೆಟ್ರಿಕ್ ಎಂಬ ಸಾಧನೆಯ ಬೆಲೆ ತಿಳಿಯುವುದು ಇಲ್ಲಿಯೇ. ಸೋವಿಯತ್ ತರಬೇತುದಾರ ಯೂರಿ ವೆರ್ಖೋಶಾನ್‌ಸ್ಕಿ ಬೆಳೆಸಿದ ಈ ವಿಧಾನಕ್ಕೆ ಆ ಹೆಸರು ಕೊಟ್ಟವರು ಅಮೆರಿಕದ ಫ್ರೆಡ್ ವಿಲ್ಟ್, 1975ರಲ್ಲಿ. ಪೆಟ್ಟಿಗೆಯ ಮೇಲಿಂದ ಧುಮುಕಿ, ಪಾದ ನೆಲಕ್ಕೆ ತಾಗಿದೊಡನೆ ಮೇಲಕ್ಕೆ ಚಿಮ್ಮುವುದು ಅದರ ಒಂದು ಬಗೆ. ಇಳಿಯುವಾಗ ಹಿಗ್ಗಿದ ಸ್ನಾಯುಗಳೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವೂ ಎಳೆದ ರಬ್ಬರಿನಂತೆ ಶಕ್ತಿಯನ್ನು ಕೂಡಿಟ್ಟುಕೊಂಡು ಮರುಕ್ಷಣವೇ ಹಿಂದಿರುಗಿಸುತ್ತವೆ. ತಡಮಾಡಿದರೆ ಅದು ಶಾಖವಾಗಿ ಪೋಲಾಗುತ್ತದೆ.

ಅಮೆರಿಕದ ಸಿನ್ಸಿನಾಟಿಯಲ್ಲಿ ತಿಮೊತಿ ಹ್ಯೂವೆಟ್ ಮತ್ತು ಸಂಗಡಿಗರು ಪ್ರೌಢಶಾಲೆಯ ವಾಲಿಬಾಲ್ ಆಟಗಾರ್ತಿಯರಿಗೆ 6 ವಾರ ಇಂತಹ ತರಬೇತಿ ಕೊಟ್ಟು 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆಗೆತದ ಎತ್ತರ ಸುಮಾರು ಶೇಕಡ 10ರಷ್ಟು ಹೆಚ್ಚಿತು. ಇಳಿಯುವಾಗಿನ ಅತ್ಯಧಿಕ ಬಲ ಶೇಕಡ 22ರಷ್ಟು ಕುಗ್ಗಿತು. ಹೆಚ್ಚು ಎತ್ತರದಿಂದ ಕಡಿಮೆ ಪೆಟ್ಟು! 1999ರಲ್ಲಿ ಅವರೇ ಬ್ಯಾಸ್ಕೆಟ್‌ಬಾಲನ್ನೂ ಸೇರಿಸಿ ನಡೆಸಿದ ದೊಡ್ಡ ಅಧ್ಯಯನದಲ್ಲಿ, ತರಬೇತಿಯಿಲ್ಲದ ಹುಡುಗಿಯರಿಗೆ ಮಂಡಿಯ ಗಾಯಗಳು ತರಬೇತಾದವರಿಗಿಂತ 3.6 ಪಟ್ಟು ಹೆಚ್ಚಾಗಿದ್ದುವು. ಅಲ್ಲಿ ತಂಡಗಳನ್ನು ಚೀಟಿ ಎತ್ತಿ ಹಂಚಿರಲಿಲ್ಲವಾದ್ದರಿಂದ ಆ ಅಂಕಿಗೆ ನಾವು ಜೋತುಬೀಳಬೇಕಾಗಿಲ್ಲ. ಅದು ತೋರುವ ದಿಕ್ಕು ಸಾಕು.

ಆದುದರಿಂದ ಹುಡುಗಿಯರ ನೆಗೆತವನ್ನು ತಡೆಯುವುದು ಹಳೆಯ ಗೆರೆಗಳನ್ನೇ ಮತ್ತೆ ಎಳೆದಂತೆ ಎಂದು ನಮ್ಮ ಅಭಿಪ್ರಾಯ. ಪೆಟ್ಟಿಗೆಯೊಂದನ್ನು ತಂದಿಟ್ಟು ಧುಮುಕಿರೆಂದು ಬಿಟ್ಟುಬಿಡುವುದೂ ಅಷ್ಟೇ ತಪ್ಪು. ಸಿಮೆಂಟಿನ ಅಂಗಣದಲ್ಲಂತೂ ಅಪಾಯ. ಮೊದಲು ನಿಂತಲ್ಲಿಯೇ ಎರಡು ಕಾಲಿನ ಚಿಕ್ಕ ನೆಗೆತಗಳು. ಮಂಡಿಗಳು ಒಳಕ್ಕೆ ವಾಲದೆ ಪಾದಗಳ ನೇರಕ್ಕೇ ಬಾಗಬೇಕು. ಪೆಟ್ಟಿಗೆಯ ಸರದಿ ಆಮೇಲೆ. ಎರಡು ಅಭ್ಯಾಸಗಳ ನಡುವೆ ಒಂದು ದಿನವಾದರೂ ಬಿಡುವಿರಲಿ. ಉಪಕರಣವಿಲ್ಲವೆಂಬ ಕೊರಗೂ ಬೇಡ: ಅಂಗಣದ ಬದಿಯಲ್ಲಿ ಕಣ್ಣು ಮುಚ್ಚಿ ನಿಂತರೂ, ಧಪ್ಪನೆ ಇಳಿದವಳಾರು, ಸದ್ದಿಲ್ಲದೆ ಇಳಿದವಳಾರು ಎಂಬುದನ್ನು ಕಿವಿಯೇ ಹೇಳುತ್ತದೆ.