ಚಿತ್ತ ನೆರವೇರಲಿ ಎನ್ನುವ ಮುನ್ನ



ಸಂಜೆ ಮನೆಮಂದಿಯೆಲ್ಲ ಕೂಡಿ ಒಂದು ಜಪಸರ ಮುಗಿಸುವಷ್ಟರಲ್ಲಿ ನಾವು ಐದಾರು ಬಾರಿ ಪರಲೋಕ ಪ್ರಾರ್ಥನೆ ಹೇಳಿರುತ್ತೇವೆ. ಎಂದರೆ, ದೇವರ ಚಿತ್ತವೇ ನೆರವೇರಲಿ ಎಂದು ಐದಾರು ಬಾರಿ ಬೇಡಿಕೊಂಡಿರುತ್ತೇವೆ. ಬಾಯಿಪಾಠವಾದ ಮಾತು, ನಾಲಿಗೆ ತೊಡರುವುದಿಲ್ಲ. ಆದರೆ ಮನೆಯಲ್ಲಿ ಅಕಾಲದ ಸಾವಾದ ದಿನ ಅದೇ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಬೀದರ್, ಕಲಬುರಗಿಯ ಗಡಿ ದಾಟಿದರೆ ಉಮರ್ಗಾ, ನಿಲಂಗಾ, ಉದಗೀರ್ ಸೀಮೆ. ಮರಾಠಿಯ ಜೊತೆಗೆ ಕನ್ನಡವೂ ಕೇಳಿಬರುವ ಕರಿಮಣ್ಣಿನ ನಾಡು. 1993ರ ಸೆಪ್ಟೆಂಬರ್ 29ರಂದು ಅಲ್ಲಿಯ ಹಳ್ಳಿಗಳ ಜನ ಗಣಪತಿಯನ್ನು ನೀರಿಗೆ ಬಿಟ್ಟು ತಡರಾತ್ರಿ ಮನೆಗೆ ಬಂದು ಮಲಗಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಕಿಲ್ಲಾರಿ, ಸಾಸ್ತೂರು ನೆಲಸಮವಾದವು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ 7,900ಕ್ಕೂ ಹೆಚ್ಚು ಜನ ಸತ್ತರು. 52 ಹಳ್ಳಿಗಳನ್ನು ಬೇರೆ ಕಡೆ ಹೊಸದಾಗಿ ಕಟ್ಟಬೇಕಾಯಿತು.

ಇದು ದೇವರ ಚಿತ್ತವೇ? ಅವಸರದಲ್ಲಿ ಉತ್ತರ ಹೇಳಬಾರದು. ಅಲ್ಲಿಯ ಹಳೆಯ ಮನೆಗಳ ದಪ್ಪ ಗೋಡೆಗಳನ್ನು ಕಲ್ಲು ಪೇರಿಸಿ, ಬರೀ ಮಣ್ಣು ಮೆತ್ತಿ ಕಟ್ಟಿದ್ದರು. ಬಿಸಿಲಿನ ಝಳ ತಡೆಯಲೆಂದು ಮರದ ತೊಲೆಗಳ ಮೇಲೆ ಮಣ್ಣಿನ ಹೊರೆ ಹಾಕಿದ್ದರು. ಆ ಮಾಳಿಗೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಗೋಡೆಯ ಕುಂದನ್ನು ದೇವರ ತಲೆಗೆ ಕಟ್ಟುವುದು ಭಕ್ತಿಯಲ್ಲ. ಸತ್ತವರು ಪಾಪಿಗಳು, ಉಳಿದವರು ಪುಣ್ಯವಂತರು ಎನ್ನುವುದಂತೂ ಕ್ರೈಸ್ತ ಮಾತೇ ಅಲ್ಲ. ಸಂತ ಎರಡನೇ ಜಾನ್ ಪಾಲರು 1984ರ ಫೆಬ್ರವರಿ 11ರಂದು ಸಂಕಟದ ಕುರಿತು ಬರೆದ ಪ್ರೇಷಿತ ಪತ್ರದಲ್ಲಿ ಯೋಬನ ಕಥೆಯನ್ನೇ ಮುಂದಿಟ್ಟು, ಎಲ್ಲ ನೋವೂ ಪಾಪಕ್ಕೆ ಶಿಕ್ಷೆಯಲ್ಲವೆಂದು ಸ್ಪಷ್ಟಪಡಿಸಿದ್ದಾರೆ. ಯೋಬನ ಗೆಳೆಯರು ಏಳು ದಿನ ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಅವನ ನೋವು ಇಮ್ಮಡಿಯಾಯಿತು.

ಹಾಗಾದರೆ ಶರಣಾಗತಿ ಎಂದರೇನು? ಗೆತ್ಸೆಮನೆ ತೋಪಿಗೆ ಹೋಗೋಣ. ಪ್ರಭು ಯೇಸು ಅಲ್ಲಿ ಮೊದಲು ತಂದೆಯ ಚಿತ್ತಕ್ಕೆ ತಲೆಬಾಗಿ ಆಮೇಲೆ ಅತ್ತವರಲ್ಲ. ಮೊದಲು ಅತ್ತರು, ನಡುಗಿದರು, ಆ ಪಾತ್ರೆ ತಮ್ಮಿಂದ ದೂರವಾಗಲೆಂದು ಕೇಳಿಕೊಂಡರು. ಒಬ್ಬರೇ ಇರಲಾರದೆ, ಎಚ್ಚರವಾಗಿರಿ ಎಂದು ಗೆಳೆಯರನ್ನು ಬೇಡಿದರು. ಮೂರು ಬಾರಿ ಅದೇ ಪ್ರಾರ್ಥನೆ. ಆಮೇಲೆ ಎದ್ದು ಮುನ್ನಡೆದರು. ದೂರು, ಕಣ್ಣೀರು, ಬೇಡಿಕೆ ಎಲ್ಲವನ್ನೂ ತಂದೆಯ ಮುಂದೆ ಸುರಿದ ಮೇಲೆ ಬರುವ ಮಾತು ಅದು. ಸಂಕಟಪಡುವವರು ತಮ್ಮ ಬಾಯಿಂದ ತಾವೇ ಹೇಳಬೇಕಾದದ್ದು. ನೋಡಲು ಬಂದವರು ಅವರ ಬಾಯಿಗೆ ತುರುಕಬಾರದು.

ಕಿಲ್ಲಾರಿ ಕುಸಿದ ತಾರೀಖಿಗೇ, 96 ವರ್ಷಗಳ ಹಿಂದೆ, 1897ರ ಸೆಪ್ಟೆಂಬರ್ 30ರಂದು, ಫ್ರಾನ್ಸಿನ ಲಿಸಿಯೋ ಮಠದಲ್ಲಿ ಬಾಲಯೇಸುವಿನ ಸಂತ ತೆರೇಸಾ ಕ್ಷಯರೋಗದಿಂದ ತೀರಿಕೊಂಡರು. ಆಗ ಅವರಿಗೆ 24 ವರ್ಷ. ಕೊನೆಯ ಒಂದೂವರೆ ವರ್ಷ ಅವರ ಮನಸ್ಸಿಗೆ ಕತ್ತಲೆ ಕವಿದಿತ್ತು. ಸ್ವರ್ಗವಿದೆಯೇ ಎಂಬ ಸಂದೇಹವೂ ಕಾಡಿತು. ಆದರೂ ಅವರು ಪ್ರಾರ್ಥನೆ ಬಿಡಲಿಲ್ಲ, ಕೈಲಾದಷ್ಟು ಸಣ್ಣಪುಟ್ಟ ಸೇವೆಯನ್ನೂ ಬಿಡಲಿಲ್ಲ. ಕತ್ತಲಲ್ಲೂ ತಂದೆಯ ಕೈ ಹಿಡಿದಿರುವುದೇ ಶರಣಾಗತಿ.

ಭೂಕಂಪದ ಊರುಗಳಲ್ಲೂ ಜನ ಅತ್ತು ಅಲ್ಲಿಗೇ ನಿಲ್ಲಲಿಲ್ಲ. ಹಳ್ಳಿಯ ಹೆಣ್ಣುಮಕ್ಕಳು 'ಸಂವಾದ ಸಹಾಯಕ'ರಾಗಿ ಮುಂದೆ ಬಂದರು. ಗೋಡೆಯ ಎರಡು ಮೈಗಳನ್ನು ಬೆಸೆಯುವಂತೆ ಅಡ್ಡಗಲ್ಲು ಕೂಡಿಸಬೇಕು, ಸುತ್ತಲೂ ಕಾಂಕ್ರೀಟಿನ ಪಟ್ಟಿ ಬಿಗಿಯಬೇಕು ಎಂಬುದನ್ನು ಕಲಿತು ನೆರೆಮನೆಯವರಿಗೂ ತಿಳಿಸಿದರು. ಅವರಲ್ಲಿ ಬಹುಪಾಲು ಜನ ನಮ್ಮ ಧರ್ಮದವರಲ್ಲ. ಆದರೆ ಮತ್ತೊಬ್ಬರ ಮಗು ಸುರಕ್ಷಿತವಾಗಿ ಮಲಗಲೆಂದು ಗೋಡೆ ಭದ್ರಪಡಿಸಿದ ಕೈಗಳಲ್ಲಿ ತಂದೆಯ ಚಿತ್ತ ನೆರವೇರಿತೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಆ ಪ್ರೇಷಿತ ಪತ್ರವೂ ಕೊನೆಗೆ ಬಂದು ನಿಲ್ಲುವುದು ಒಳ್ಳೆಯ ಸಮಾರಿಯದವನ ಸಾಮತಿಯ ಬಳಿ. ನೋವು ಕಂಡಲ್ಲಿ ಕಾರಣ ಹುಡುಕದೆ ಗಾಯ ಕಟ್ಟಿದವನು ಅವನು.

ಈ ತಿಂಗಳು ನಮ್ಮ ಧರ್ಮಕೇಂದ್ರದ ಯಾವುದಾದರೂ ದುಃಖದ ಮನೆಗೆ ಹೋದಾಗ 'ಎಲ್ಲ ದೇವರ ಚಿತ್ತ' ಎಂಬ ಮಾತನ್ನು ತಡೆದುಕೊಳ್ಳೋಣ. ಒಂದು ಪಾತ್ರೆ ಗಂಜಿ ಒಯ್ಯೋಣ. ಪಕ್ಕದಲ್ಲಿ ಕುಳಿತು, ಅವರು ಬಯಸಿದರೆ ಜಪಸರ ಹೇಳೋಣ. ನಮ್ಮದೇ ಮನೆಯಲ್ಲಿ ಸಂಕಟವಿದ್ದರೆ, ಅಳಲು ನಾಚದೆ ಹೀಗೆ ಪ್ರಾರ್ಥಿಸೋಣ:

ತಂದೆಯೇ, ಈ ನೋವು ನನಗೆ ಬೇಡವಾಗಿತ್ತು. ಏಕೆಂದು ತಿಳಿಯುತ್ತಿಲ್ಲ. ಆದರೂ ನಿಮ್ಮ ಬಳಿಗೇ ಬಂದಿದ್ದೇನೆ. ಇವತ್ತಿನ ಒಂದು ದಿನ ನನ್ನ ಕೈ ಬಿಡಬೇಡಿ. ಆಮೆನ್.