ಕ್ಲಾಟ್ ನಮ್ಮೂರ ಮಕ್ಕಳಿಗಲ್ಲ ಅಂದವರು ಯಾರು?

ಹಳ್ಳಿಯ ಹುಡುಗಿಯೊಬ್ಬಳು ನೀಟ್ ಬರೀತೀನಿ ಅಂದರೆ ಊರಿಗೆ ಖುಷಿ. ಸಿಇಟಿ ಅಂದರೆ ಅಪ್ಪ ಸಾಲ ಮಾಡಿಯಾದರೂ ಪುಸ್ತಕ ತಂದುಕೊಡುತ್ತಾನೆ. ಅದೇ ಹುಡುಗಿ ಕ್ಲಾಟ್ ಬರೀತೀನಿ ಅಂದರೆ? ಅದೇನದು ಅನ್ನುವವರೇ ಹೆಚ್ಚು. ಅದೇನೆಂದು ಗೊತ್ತಿದ್ದವರ ಉತ್ತರವಂತೂ ಇನ್ನೂ ಕೆಟ್ಟದ್ದು: 'ಅದು ದೊಡ್ಡ ಊರಿನ ಇಂಗ್ಲಿಷ್ ಮಂದಿ ಪರೀಕ್ಷೆ ಐತಿ, ನಮ್ಮಂಥೋರಿಗಲ್ಲ.'

ಈ ಮಾತನ್ನು ನಾವು ಕೊಪ್ಪಳ ಜಿಲ್ಲೆಯ ಪಿಯು ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಕೇಳಿದ್ದೇವೆ. ತಾಲ್ಲೂಕು ಕೋರ್ಟಿನ ಎದುರಿನ ಚಹಾ ಅಂಗಡಿಯಲ್ಲಿ, ಕರಿಕೋಟು ಹಾಕಿದವರ ಬಾಯಲ್ಲೇ ಕೇಳಿದ್ದೇವೆ. ಇದು ಅರ್ಧ ಸುಳ್ಳು, ಅರ್ಧ ನಿಜ. ಸುಳ್ಳಿನ ಭಾಗವನ್ನು ನಾವು ನಮ್ಮೂರಲ್ಲೇ ಕೂತು ಹೊಡೆದುಹಾಕಬಹುದು. ನಿಜದ ಭಾಗಕ್ಕೆ ಉತ್ತರ ಕೊಡಬೇಕಾದವರು ಬೇರೆ ಇದ್ದಾರೆ.

ಮೊದಲು ಪರೀಕ್ಷೆ ಏನು ಅಂತ ಹೇಳಿಬಿಡುತ್ತೇವೆ. ಕ್ಲಾಟ್ ಅಂದರೆ ಕಾಮನ್ ಲಾ ಅಡ್ಮಿಷನ್ ಟೆಸ್ಟ್. ಪಿಯುಸಿ ಮುಗಿಸಿದವರು ಐದು ವರ್ಷದ ಕಾನೂನು ಪದವಿಗೆ ಸೇರಲು ಬರೆಯುವ ಪರೀಕ್ಷೆ. 2008ರಲ್ಲಿ ಶುರುವಾಯಿತು. ದೇಶದ 20ಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಇದೇ ಬಾಗಿಲು. ಬೆಂಗಳೂರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿಗೂ ಇದೇ. ಪಿಯುಸಿಯಲ್ಲಿ ಶೇ 45 ಅಂಕ ಇದ್ದರೆ ಬರೆಯಬಹುದು, ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇ 40 ಸಾಕು. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಸರಿ. 120 ಪ್ರಶ್ನೆ, ಎರಡು ಗಂಟೆ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ.

ಇನ್ನು ನಮ್ಮೂರ ಮೇಷ್ಟ್ರಿಗೂ ಗೊತ್ತಿಲ್ಲದ ವಿಷಯ. ಈ ಪರೀಕ್ಷೆ ಬರೆಯಲು ಕಾನೂನು ಗೊತ್ತಿರಬೇಕಿಲ್ಲ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಹತ್ತನೇ ತರಗತಿ ಮಟ್ಟದ ಲೆಕ್ಕ, ಇಷ್ಟೇ ವಿಷಯ. ಐದರಲ್ಲೂ ಒಂದು ಭಾಗ ಬರಹ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಕಾನೂನು ತರ್ಕದಲ್ಲಿ ನಿಯಮವನ್ನು ಅವರೇ ಬರೆದು ಕೊಟ್ಟಿರುತ್ತಾರೆ, ಅದನ್ನು ಒಂದು ಘಟನೆಗೆ ಹಚ್ಚಿ ನೋಡುವುದು ನಿಮ್ಮ ಕೆಲಸ. ಒಂದೊಂದು ಬರಹ ಸುಮಾರು 450 ಪದ. ಎಲ್ಲ ಕೂಡಿಸಿದರೆ ಎರಡು ಗಂಟೆಯಲ್ಲಿ ಹತ್ತಿರಹತ್ತಿರ ಹತ್ತು ಸಾವಿರ ಪದ ಓದಬೇಕು. ಅಂದರೆ ಇದು ಓದುವ ಪರೀಕ್ಷೆ. ಬಾಯಿಪಾಠದವರು ಇಲ್ಲಿ ಸೋಲುತ್ತಾರೆ.

ಓದುವುದನ್ನು ಮಾರಲು ಆಗುತ್ತದಾ? ಮಾರುತ್ತಿದ್ದಾರೆ ನೋಡಿ. ಮೊಬೈಲ್ ತೆಗೆದರೆ ಕೋಚಿಂಗ್ ಜಾಹೀರಾತು. ಒಬ್ಬ ರ‍್ಯಾಂಕ್ ಹುಡುಗನ ಫೋಟೋ, ಕೆಳಗೆ 'ಇಂದೇ ಸೇರಿ'. ಲಕ್ಷದ ಮಾತು. ಅದರ ಜೊತೆಗೆ ಒಂದು ವಿಷವನ್ನೂ ಹಂಚುತ್ತಾರೆ: ಪಕ್ಕದಲ್ಲಿ ಕೂತವನು ನಿನ್ನ ಎದುರಾಳಿ, ನಿನ್ನ ನೋಟ್ಸ್ ತೋರಿಸಬೇಡ. ಇದು ಶುದ್ಧ ಸುಳ್ಳು. ದೇಶದ ತುಂಬ ಸಾವಿರಾರು ಮಕ್ಕಳು ಬರೆಯುವ ಪರೀಕ್ಷೆಯಲ್ಲಿ ನಿಮ್ಮ ಬೆಂಚಿನ ಗೆಳತಿ ನಿಮ್ಮ ಸೀಟು ಕಸಿಯುತ್ತಾಳೆ ಅನ್ನುವುದಕ್ಕೆ ಏನು ಅರ್ಥ? ಅವಳಿಲ್ಲದಿದ್ದರೆ ನಿಮ್ಮ ತಪ್ಪು ತೋರಿಸಲು ಯಾರಿದ್ದಾರೆ?

ನಮ್ಮ ಜಿಲ್ಲೆಯ ಒಂದು ಊರಲ್ಲಿ ಐದು ಜನ ಪಿಯು ವಿದ್ಯಾರ್ಥಿಗಳು ಒಟ್ಟಿಗೆ ಓದುವುದನ್ನು ನಾವು ಜುಲೈಯಿಂದ ನೋಡುತ್ತ ಬಂದಿದ್ದೇವೆ. ಊರಿನ ಹೆಸರು ಬೇಡ, ಮಕ್ಕಳ ಹೆಸರೂ ಬೇಡ. ಕಾಲೇಜು ಬಿಟ್ಟ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೂರುತ್ತಿದ್ದರು, ಈಗ 'ಅರಿವು ಕೇಂದ್ರ' ಅಂತ ಬೋರ್ಡ್ ಹಾಕಿರುವುದು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಪರೀಕ್ಷೆ ನಡೆಸುವ ಒಕ್ಕೂಟದ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತವೆ. ಅದನ್ನು ಒಂದು ಪ್ರತಿ ಜೆರಾಕ್ಸ್ ಮಾಡಿಸಿಕೊಂಡು ಐದು ಜನ ಬಳಸುತ್ತಿದ್ದರು.

ಅವರು ಮಾಡುತ್ತಿದ್ದುದು ಇಷ್ಟು. ಒಬ್ಬರು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಓದಬೇಕು. ಇನ್ನೊಬ್ಬರು ಅದನ್ನು ಕನ್ನಡದಲ್ಲಿ ನಾಲ್ಕು ಮಾತಲ್ಲಿ ಹೇಳಬೇಕು. ಆಮೇಲೆ ಎಲ್ಲರೂ ತಮ್ಮ ತಮ್ಮ ಉತ್ತರ ಬರೆದು, ಯಾಕೆ ಅದೇ ಉತ್ತರ ಅಂತ ಉಳಿದವರಿಗೆ ಒಪ್ಪಿಸಬೇಕು. ಒಪ್ಪಿಸಲು ಆಗದಿದ್ದರೆ ಉತ್ತರ ಸರಿ ಇದ್ದರೂ ಲೆಕ್ಕಕ್ಕಿಲ್ಲ!

ಒಂದು ದಿನ ಒಂದು ಹಳೆಯ ಇಂಗ್ಲೆಂಡ್ ಕೇಸಿನ ನಿಯಮ ಬಂತು. ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಕೇಸು, 1868ರ ತೀರ್ಪು. ಒಬ್ಬ ತನ್ನ ಗಿರಣಿಗಾಗಿ ನೀರಿನ ಹೊಂಡ ಕಟ್ಟಿಸುತ್ತಾನೆ. ಆ ನೀರು ನೆಲದೊಳಗಿನ ಹಳೆಯ ಸುರಂಗಗಳಿಂದ ನುಗ್ಗಿ ಪಕ್ಕದವನ ಗಣಿ ಮುಳುಗುತ್ತದೆ. ತೀರ್ಪಿನ ಸಾರ: ತಪ್ಪಿಸಿಕೊಂಡರೆ ಹಾನಿ ಮಾಡುವಂಥ ವಸ್ತುವನ್ನು ತನ್ನ ಜಾಗದಲ್ಲಿ ತಂದು ಕೂಡಿಟ್ಟವನು, ತನ್ನ ಅಜಾಗರೂಕತೆ ಇಲ್ಲದಿದ್ದರೂ ಹಾನಿಗೆ ಹೊಣೆ.

ನಗರದ ಕೋಚಿಂಗ್ ಮಕ್ಕಳು ಇದನ್ನು ಒಂದು ಸಾಲಿನಲ್ಲಿ ಉರುಹೊಡೆಯುತ್ತಾರೆ. ನಮ್ಮ ಮಕ್ಕಳು ಕೃಷಿ ಹೊಂಡದ ಮೇಲೆ ಹಚ್ಚಿದರು. ಒಬ್ಬ ರೈತನ ಹೊಂಡ ಒಡೆದು ಪಕ್ಕದ ಹೊಲದ ಮೆಣಸಿನ ಬೆಳೆ ಕೊಚ್ಚಿಹೋಯಿತು ಅಂತ ಇಟ್ಟುಕೊಳ್ಳಿ. 'ಹೊಂಡ ತೋಡಿದ್ದು ಸರಕಾರದ ಯೋಜನೆಯಾಗ, ಅವನ ತಪ್ಪೇನೈತಿ?' ಅಂದ ಒಬ್ಬ. 'ತಪ್ಪು ಐತೋ ಇಲ್ಲೋ ಯಾರು ಕೇಳ್ಯಾರ? ನೀರು ತಂದು ಕೂಡಿಸಿದವ ಯಾರು ಅಂತ ಕೇಳ್ಯಾರ' ಅಂದಳು ಇನ್ನೊಬ್ಬಳು. 'ಆವತ್ತು ಬಿದ್ದ ಮಳಿ ಎಂಥಾದ್ದು? ದೇವರ ಆಟ ಅಂದರ?' ಎಂದ ಮೂರನೆಯವನು. ಅರ್ಧ ಗಂಟೆ ಜಗಳ. ಕೊನೆಗೆ ಪ್ರಶ್ನೆಪತ್ರಿಕೆ ತೆಗೆದು ನೋಡಿದರು. ಆ ಬರಹದಲ್ಲಿ ದೈವಕೃತ್ಯದ ವಿನಾಯಿತಿ ಬರೆದಿತ್ತಾ? ಬರೆದಿದ್ದರೆ ಬಳಸು, ಬರೆಯದಿದ್ದರೆ ನಿನ್ನ ತಲೆಯಿಂದ ತರಬೇಡ. ಕಾನೂನು ತರ್ಕದ ವಿಭಾಗದ ಗುಟ್ಟೇ ಇದು. ಲಕ್ಷ ರೂಪಾಯಿ ಕೊಟ್ಟು ಕಲಿಯುವುದನ್ನು ಜೆರಾಕ್ಸ್ ಖರ್ಚಿನಲ್ಲಿ ಕಲಿತರು. ಬದುವಿನ ಜಗಳ, ನೀರಿನ ಪಾಳಿ, ಪೋಡಿ ಆಗದ ಜಮೀನು ನೋಡಿ ಬೆಳೆದ ಮಕ್ಕಳಿಗೆ ಹೊಣೆ, ಹಕ್ಕು, ಹಾನಿ ಅಂದರೇನು ಅಂತ ಬೇರೆ ಹೇಳಿಕೊಡಬೇಕಾ?

ಜಗಳ ಮಾಡುವುದು ಸುಮ್ಮನೆ ಅಲ್ಲ, ಪರೀಕ್ಷೆ ನಡೆಸುವವರ ಉತ್ತರವೂ ತಪ್ಪಿರಬಹುದು. 2024ರ ಡಿಸೆಂಬರ್ 1ರಂದು ನಡೆದ ಕ್ಲಾಟಿನ ಉತ್ತರಗಳ ಮೇಲೆ ವಿದ್ಯಾರ್ಥಿಗಳು ದಿಲ್ಲಿ ಹೈಕೋರ್ಟಿಗೆ ಹೋದರು. ಅದು ಸುಪ್ರೀಂ ಕೋರ್ಟಿನವರೆಗೂ ಹೋಗಿ 2025ರ ಮೇ ತಿಂಗಳಲ್ಲಿ ತೀರ್ಮಾನವಾಯಿತು. ಪ್ರಶ್ನೆ ತೆಗೆದ ರೀತಿಯ ಬಗ್ಗೆ ಸುಪ್ರೀಂ ಕೋರ್ಟೇ ಬೇಸರ ಹೇಳಿತು. ಕಾನೂನು ಕಲಿಸುವವರ ಪರೀಕ್ಷೆಯ ಕಥೆ ಇದು.

ಆ ಐದು ಜನರಲ್ಲಿ ಇಬ್ಬರು ಹುಡುಗಿಯರು. ಅಕ್ಟೋಬರಿನಲ್ಲಿ ಒಬ್ಬಳು ಬರುವುದು ನಿಂತಿತು. ಹೊಂಡದ ನೀರು ಕೂಡಿಸಿದವ ಯಾರು ಅಂತ ಕೇಳಿದಳಲ್ಲ, ಅವಳೇ. ಯಾಕೆ ಅಂದರೆ ಊರು ಮಾತಾಡಿತು. 'ಹುಡುಗರ ಜೋಡಿ ಕೂತು ಅದೇನು ಓದ್ತಾಳ' ಅಂತ ಯಾರೋ ಅವಳ ಕಾಕಾನ ಕಿವಿಗೆ ಹಾಕಿದರು. ಓದುಗರೇ, ಇದನ್ನು ನಿಮಗೇ ಹೇಳುತ್ತಿದ್ದೇವೆ, ಬೇರೆಯವರಿಗಲ್ಲ. ಅದೇ ಹುಡುಗಿ ಹತ್ತು ಜನ ಗಂಡಸರ ಜೊತೆ ಟಂಟಂ ಹತ್ತಿ ಹತ್ತಿ ಬಿಡಿಸಲು ಹೋದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಕೂಲಿ ಬರುತ್ತದೆ, ಹಾಗಾಗಿ ಎಲ್ಲರ ಬಾಯಿ ಮುಚ್ಚಿರುತ್ತದೆ. ಗ್ರಂಥಾಲಯದ ಬೆಳಕಲ್ಲಿ, ಬಾಗಿಲು ತೆರೆದಿಟ್ಟು, ಟೇಬಲ್ಲಿನ ಸುತ್ತ ಕೂತರೆ ಮಾತ್ರ ಮರ್ಯಾದೆ ಹೋಗುತ್ತದೆ. ಅವಳ ಮನೆಯವರನ್ನು ನಾವು ದೂರುವುದಿಲ್ಲ. ಮಾತಾಡಿದ ಬಾಯಿಗಳನ್ನು ದೂರುತ್ತೇವೆ. ಅವಳು ಹೋದ ಮೇಲೆ ಆ ಗುಂಪಿನಲ್ಲಿ ಇಂಗ್ಲಿಷ್ ತಡೆಯಿಲ್ಲದೆ ಓದುವವರೇ ಇಲ್ಲವಾದರು.

ಈಗ ನಿಜದ ಭಾಗಕ್ಕೆ ಬರೋಣ. ಕ್ಲಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಡಾಕ್ಟರಾಗಲು ಬರೆಯುವ ನೀಟ್ ಕನ್ನಡದಲ್ಲಿದೆ. ಎಂಜಿನಿಯರಾಗಲು ಬರೆಯುವ ಜೆಇಇ ಮೇನ್ ಕನ್ನಡದಲ್ಲಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಬರೆಯುವ ಸಿಯುಇಟಿ ಕನ್ನಡದಲ್ಲಿದೆ. ವಕೀಲರಾಗಲು ಮಾತ್ರ ಹದಿನೇಳನೇ ವಯಸ್ಸಿಗೇ ಇಂಗ್ಲಿಷಿನಲ್ಲಿ ಹತ್ತು ಸಾವಿರ ಪದ ಓಡಿಸಿಕೊಂಡು ಓದಬೇಕು.

'ಹೈಕೋರ್ಟು, ಸುಪ್ರೀಂ ಕೋರ್ಟು ನಡೆಯುವುದೇ ಇಂಗ್ಲಿಷಿನಲ್ಲಿ, ಇಂಗ್ಲಿಷ್ ಬಾರದವರು ವಕೀಲರಾಗಿ ಏನು ಮಾಡುತ್ತಾರೆ' ಅಂತ ಕೇಳುವವರಿದ್ದಾರೆ. ಸಂವಿಧಾನದ 348ನೇ ವಿಧಿ ಹಾಗೆ ಹೇಳುತ್ತದೆ, ನಿಜ. ವೈದ್ಯಕೀಯ ಪುಸ್ತಕ ಯಾವ ಭಾಷೆಯಲ್ಲಿವೆ ಸ್ವಾಮಿ? ಇಂಗ್ಲಿಷಿನಲ್ಲೇ. ಆದರೂ ನೀಟ್ ಕನ್ನಡದಲ್ಲಿ ಬರೆಯಬಹುದು, ಸೇರಿದ ಮೇಲೆ ಮಕ್ಕಳು ಇಂಗ್ಲಿಷ್ ಕಲಿಯುತ್ತಾರೆ. ಕಾನೂನು ಪದವಿಗೆ ಐದು ವರ್ಷ ಇದೆ, ಕಲಿಯಲು ಅದು ಸಾಲದಾ? ಬೇಕಿದ್ದರೆ ಇಂಗ್ಲಿಷ್ ವಿಭಾಗವನ್ನು ಇಂಗ್ಲಿಷಿನಲ್ಲೇ ಇಡಿ. ತರ್ಕವನ್ನು ಕನ್ನಡದಲ್ಲಿ ಕೇಳಿ. ಹೊಂಡದ ನೀರಿನ ತರ್ಕಕ್ಕೆ ಭಾಷೆಯ ಹಂಗಿಲ್ಲ. ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ನಿಂತು ಹೇಳುವುದು ಕನ್ನಡದಲ್ಲಿ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯ ಪದವಿ ಪರೀಕ್ಷೆಯನ್ನೇ ಕನ್ನಡದಲ್ಲಿ ಬರೆಯಲು ಬಿಡುತ್ತದೆ. ಅಲ್ಲಿ ಆಗುವುದು ಇಲ್ಲಿ ಯಾಕಾಗುವುದಿಲ್ಲ?

ಕ್ಲಾಟ್ ಪ್ರಾದೇಶಿಕ ಭಾಷೆಗಳಲ್ಲಿ ಬೇಕು ಅಂತ 2023ರಲ್ಲಿ ದಿಲ್ಲಿ ಹೈಕೋರ್ಟಿಗೆ ಅರ್ಜಿ ಹೋಯಿತು. ಭಾರತೀಯ ವಕೀಲರ ಪರಿಷತ್ತು ಕೂಡ ಬೆಂಬಲ ಹೇಳಿತು. ಪರೀಕ್ಷೆ ನಡೆಸುವ ಒಕ್ಕೂಟ ಸಮಿತಿಯ ಮಾತು ಹೇಳಿತು. ನಾಗರಭಾವಿಯ ಲಾ ಸ್ಕೂಲ್ ಹುಟ್ಟಿದ್ದು ಕರ್ನಾಟಕದ ಶಾಸಕರು ಪಾಸು ಮಾಡಿದ 1986ರ ಕಾಯ್ದೆಯಿಂದ. ನಮ್ಮ ಶಾಸಕರೇ ಕಟ್ಟಿದ ಮನೆಯ ಬಾಗಿಲಿನಲ್ಲಿ ನಮ್ಮ ಭಾಷೆಗೆ ಜಾಗವಿಲ್ಲ. ಇದರ ಬಗ್ಗೆ ಸದನದಲ್ಲಿ ಗಟ್ಟಿಯಾಗಿ ಕೇಳಲು ನಮ್ಮ ಶಾಸಕರಿಗೆ ಏನು ಅಡ್ಡಿ?

'ಅಲ್ಲಿ ಕರ್ನಾಟಕದವರಿಗೆ ಶೇ 25 ಸೀಟು ಇದೆಯಲ್ಲ' ಅನ್ನಬಹುದು. ಇದೆ. ರಾಜ್ಯದಲ್ಲಿ ಹತ್ತು ವರ್ಷ ಓದಿರಬೇಕು ಅಂತ ಷರತ್ತು. ಬೆಂಗಳೂರಿನ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಹತ್ತು ವರ್ಷ ಓದಿದವರೂ ಅದರಲ್ಲಿ ಬಂದರು, ಯಲಬುರ್ಗಾದ ಸರಕಾರಿ ಶಾಲೆಯಲ್ಲಿ ಓದಿದವರೂ ಬಂದರು. ಯಾರಿಗೆ ಸಿಗುತ್ತದೆ ಅಂತ ಹೇಳಲು ಜ್ಯೋತಿಷ್ಯ ಬೇಕಿಲ್ಲ. ಸಿಇಟಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಅಂಥದ್ದು ಇಲ್ಲೂ ಬೇಕು.

ದುಡ್ಡಿನದೂ ಹೇಳಬೇಕು. ಅರ್ಜಿಗೆ 4000 ರೂಪಾಯಿ. ಪರಿಶಿಷ್ಟರಿಗೆ, ಬಿಪಿಎಲ್‌ನವರಿಗೆ 3500. ಎಂಥ ರಿಯಾಯಿತಿ ನೋಡಿ! ಹತ್ತಿ ಬಿಡಿಸುವ ತಾಯಿಯ ಎಷ್ಟು ದಿನದ ಕೂಲಿ ಅದು? ಪರೀಕ್ಷೆ ಬರೆಯಲು ಊರಿಂದ ದೂರದ ನಗರಕ್ಕೆ ಹೋಗುವ ಬಸ್ಸು, ರಾತ್ರಿ ಉಳಿಯುವ ಖರ್ಚು ಬೇರೆ. ರ‍್ಯಾಂಕ್ ಬಂದರೆ ಕೌನ್ಸೆಲಿಂಗಿಗೆ ಮತ್ತೆ ಇಪ್ಪತ್ತು-ಮೂವತ್ತು ಸಾವಿರ ಕಟ್ಟಬೇಕು. ಅದಾದ ಮೇಲೆ ಹೆಚ್ಚಿನ ಕಡೆ ವರ್ಷಕ್ಕೆ ಎರಡು ಲಕ್ಷಕ್ಕೂ ಮೇಲೆ ಫೀಸು. ವಿದ್ಯಾರ್ಥಿವೇತನ, ಬ್ಯಾಂಕ್ ಸಾಲ ಇವೆ, ಆದರೆ ಅದೆಲ್ಲ ಸೀಟು ಸಿಕ್ಕ ಮೇಲಿನ ಮಾತು. ಅರ್ಜಿ ಹಂತದಲ್ಲೇ ಹಿಂದೆ ಸರಿದವರ ಲೆಕ್ಕ ಯಾರ ಹತ್ತಿರವೂ ಇಲ್ಲ.

ಇದನ್ನು ನೋಡಿ ಸುಮ್ಮನಿರದ ಒಬ್ಬರಿದ್ದರು. ನಾಗರಭಾವಿಯಲ್ಲೇ ಓದಿ ಪ್ರಾಧ್ಯಾಪಕರಾದ ಶಮ್ನಾದ್ ಬಷೀರ್ 2010ರಲ್ಲಿ ಐಡಿಐಎ ಎಂಬ ಸಂಸ್ಥೆ ಶುರುಮಾಡಿದರು. ಬಡ ಮಕ್ಕಳನ್ನು ಹುಡುಕಿ, ಕ್ಲಾಟಿಗೆ ತಯಾರು ಮಾಡಿ, ಸೇರಿದ ಮೇಲೂ ಜೊತೆಗಿರುವುದು ಅದರ ಕೆಲಸ. ಕಾನೂನು ಕಾಲೇಜಿನ ವಿದ್ಯಾರ್ಥಿಗಳೇ ಹೋಗಿ ಪಾಠ ಹೇಳುತ್ತಾರೆ. ಬಷೀರ್ 2019ರಲ್ಲಿ ತೀರಿಕೊಂಡರು, ಸಂಸ್ಥೆ ನಡೆಯುತ್ತಿದೆ. ಆದರೆ ಒಂದು ಸಂಸ್ಥೆ ಎಷ್ಟು ಊರಿಗೆ ಬಂದೀತು?

ಕನ್ನಡದಲ್ಲಿ ಪರೀಕ್ಷೆ ಬರುವವರೆಗೆ ಕಾಯಿರಿ ಅಂತ ನಾವು ಹೇಳುವುದಿಲ್ಲ. ಕೇಳುವುದನ್ನೂ ಬಿಡಬಾರದು, ಓದುವುದನ್ನೂ ಬಿಡಬಾರದು. ನಿಮ್ಮೂರಲ್ಲಿ ಪ್ರಥಮ ಪಿಯುಸಿ ಮಕ್ಕಳು ನಾಲ್ಕು ಜನ ಇದ್ದರೆ ಈಗಲೇ ಕೂಡಿಸಿ. ಒಂದು ಇಂಗ್ಲಿಷ್ ಪೇಪರ್ ಸಾಕು, ಹಾಳೆ ಹಂಚಿಕೊಂಡು ಓದಲಿ, ಸಂಜೆ ಒಬ್ಬರಿಗೊಬ್ಬರು ಹೇಳಲಿ. ತಪ್ಪಾದ ಪ್ರಶ್ನೆಗಳಿಗೆ ಎಲ್ಲರದೂ ಸೇರಿ ಒಂದೇ ನೋಟ್‌ಬುಕ್ ಇರಲಿ. ವಾರಕ್ಕೊಂದು ಸಲ ಗಡಿಯಾರ ಇಟ್ಟುಕೊಂಡು ಎರಡು ಗಂಟೆ ಪೂರ್ತಿ ಪೇಪರ್ ಬರೆಯಲಿ. ಈಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರಿನಲ್ಲಿ, ಅರ್ಜಿ ಜುಲೈ-ಆಗಸ್ಟಿನಿಂದ. ಪಿಯುಸಿ ಪರೀಕ್ಷೆ ಮುಗಿಯಲಿ ಅಂತ ಕೂತರೆ ಬಾಗಿಲು ಹಾಕಿರುತ್ತದೆ. ಸೀಟು ಸಿಗದಿದ್ದರೂ ಹಾಗೆ ಓದಿದ್ದು ಎಲ್ಲಿಗೂ ಹೋಗುವುದಿಲ್ಲ, ರಾಜ್ಯದ ಬೇರೆ ಕಾನೂನು ಕಾಲೇಜುಗಳಿಗೆ ಪಿಯುಸಿ ಅಂಕದ ಮೇಲೆ ಸೇರಬಹುದು.

ಮುಂದಿನ ಗ್ರಾಮಸಭೆಯಲ್ಲಿ ಒಂದು ಅರ್ಜಿ ಕೊಡಿ. ಅರಿವು ಕೇಂದ್ರ ರಾತ್ರಿ ಎಂಟರವರೆಗೆ ತೆರೆದಿರಬೇಕು, ಒಂದು ಇಂಗ್ಲಿಷ್ ದಿನಪತ್ರಿಕೆ ತರಿಸಬೇಕು, ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಲು ಕಾಗದ ಕೊಡಬೇಕು, ಹುಡುಗಿಯರು ಬರುವುದಾದರೆ ಯಾರಾದರೂ ಒಬ್ಬ ತಾಯಿ ಅಲ್ಲಿ ಕೂರುವ ವ್ಯವಸ್ಥೆ ಆಗಬೇಕು ಅಂತ ಬರೆಯಿರಿ. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಪಿಡಿಒ ಸಾಹೇಬರು 'ನೋಡೋಣ' ಅಂದರೆ ನಮಗೆ ಫೋನ್ ಮಾಡಿ, ಬಂದು ಬರೆಯುತ್ತೇವೆ.